ಕೆಂಪು ಬಂಡೆಯಲ್ಲಿ ಕಾಲಾಡಿಸುತ್ತ

ಬರೀ ನೋಟ ಸಾಕೆನ್ನುವವರು ಅಮೆರಿಕದ ಸೆಡೋನಾದಲ್ಲಿ ಕಾರಿನಿಂದ ಇಳಿಯಬೇಕಾಗಿಯೇ ಇಲ್ಲ. ಫೀನಿಕ್ಸ್‌ನಿಂದ ಉತ್ತರಕ್ಕೆ ಎರಡು ಗಂಟೆ ಹೋಗಿ ಹೆದ್ದಾರಿ ಬಿಟ್ಟು ತಿರುಗಿದರಾಯಿತು, ಬೆಲ್ ರಾಕ್, ಕೋರ್ಟ್‌ಹೌಸ್ ಬ್ಯೂಟ್, ಕೆಥೀಡ್ರಲ್ ರಾಕ್ ಎಂಬ ಕೆಂಪು ಬಂಡೆಗಳೆಲ್ಲವೂ ಕಿಟಕಿಯಾಚೆ ಬಂದು ನಿಲ್ಲುತ್ತವೆ. ಪೆಟ್ರೋಲ್ ಬಂಕಿನಲ್ಲಿ ನಿಂತರೂ ಕಾಣುತ್ತವೆ, ದಿನಸಿ ಅಂಗಡಿಯ ಪಾರ್ಕಿಂಗಿನಲ್ಲೂ ಕಾಣುತ್ತವೆ. ಪಶ್ಚಿಮಘಟ್ಟದಲ್ಲಾದರೆ ಬೆವರು ಸುರಿಸಿ, ಜಿಗಣೆಗೆ ರಕ್ತ ಕೊಟ್ಟು, ತುದಿ ಮುಟ್ಟಿದ ಮೇಲಷ್ಟೇ ನೋಟ. ಇಲ್ಲಿ ಸಂಬಳ ಮೊದಲು, ಕೆಲಸ ಆಮೇಲೆ. ಹಾಗಿದ್ದ ಮೇಲೆ ನಡೆಯುವುದಾದರೂ ಏಕೆ ಎಂದು ಮನೆಯವರು ಕೇಳುತ್ತಾರೆ. ನಾನು ಮಾತಾಡದೆ ಬೂಟಿನ ಲೇಸು ಬಿಗಿಯುತ್ತೇನೆ.

ಬೆಳಗಿನ ಪಾಳಿ ಕೋರ್ಟ್‌ಹೌಸ್ ಬ್ಯೂಟ್ ಸುತ್ತಿ ಬರುವ ಆರೇಳು ಕಿಲೋಮೀಟರಿನ ದಾರಿಗೆ. ಮಾರ್ಚ್ ತಿಂಗಳಾದರೆ ಚಳಿಗೆ ಕಿವಿ ಮುಚ್ಚಿಕೊಂಡು ಹೊರಟವನು ಹತ್ತು ಗಂಟೆಗೆಲ್ಲ ಅಂಗಿಯ ತೋಳು ಮಡಚಿರುತ್ತೇನೆ. ದಾರಿ ತಪ್ಪದಿರಲೆಂದು ಅರಣ್ಯ ಇಲಾಖೆಯವರು ತಂತಿ ಬುಟ್ಟಿಗಳಲ್ಲಿ ಕೆಂಪು ಕಲ್ಲು ತುಂಬಿ ಅಲ್ಲಲ್ಲಿ ನಿಲ್ಲಿಸಿದ್ದಾರೆ. ಅವುಗಳ ಗುರುತು ಹಿಡಿದೇ ನಡೆಯಬೇಕು. ಅದು ದಾರಿ ತಪ್ಪುವ ಭಯಕ್ಕಿಂತ ನೆಲದ ಮೇಲಿನ ಕರುಣೆಗೆ. ಬಗ್ಗಿ ನೋಡಿದರೆ ದಾರಿಯ ಅಂಚಿನ ಮಣ್ಣು ಕಪ್ಪಗೆ, ಗಂಟುಗಂಟಾಗಿ, ಹೆಪ್ಪುಗಟ್ಟಿದಂತಿರುತ್ತದೆ. ಕೊಳೆಯೆಂದುಕೊಂಡು ತುಳಿದುಬಿಡುವವರೇ ಹೆಚ್ಚು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳಿನ ಕಣಗಳನ್ನು ಹೊಲಿದು ಕಟ್ಟಿದ ಜೀವಂತ ಪದರ ಅದು. ಗಾಳಿ-ಮಳೆಗೆ ನೆಲ ಕೊಚ್ಚಿಹೋಗದಂತೆ ಹಿಡಿದಿಟ್ಟಿರುವುದೂ ಅದೇ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಕಾರಿನ ಕಿಟಕಿಯಿಂದ ಇದು ಕಾಣುವುದಿಲ್ಲ.

ಬಂಡೆಯ ಪಕ್ಕ ಬಂದಾಗ ಅಂಗೈಯಿಂದ ಸವರುವುದು ನನ್ನ ಚಾಳಿ. ಕೈಗೆ ಕೆಂಪು ಹಿಟ್ಟು ಮೆತ್ತುತ್ತದೆ. ಇಷ್ಟೆಲ್ಲ ಕೆಂಪಿಗೆ ಕಲ್ಲಿನಲ್ಲಿರುವ ಕಬ್ಬಿಣ ಚಿಟಿಕೆಯಷ್ಟು. ಮರಳಿನ ಒಂದೊಂದು ಕಣಕ್ಕೂ ತುಕ್ಕಿನ ತೆಳು ಲೇಪ, ಅಷ್ಟೆ. ಸುಮಾರು 28 ಕೋಟಿ ವರ್ಷಗಳ ಹಿಂದಿನ ಕರಾವಳಿ ಮರಳು ಇದು. ನಡುವೆ ತೆಳ್ಳಗೆ ಒಂದು ಬೂದುಬಣ್ಣದ ಪಟ್ಟಿ ಬಂಡೆಯಿಂದ ಬಂಡೆಗೆ ಒಂದೇ ಮಟ್ಟದಲ್ಲಿ ಹಾದುಹೋಗುತ್ತದೆ. ಅದು ಸುಣ್ಣಕಲ್ಲು, ಸಮುದ್ರ ಒಳನುಗ್ಗಿ ಬಂದು ಹೋದದ್ದರ ರುಜು. ಕೆಂಪು ಪದರಕ್ಕೆ ಭೂವಿಜ್ಞಾನಿಗಳಿಟ್ಟ ಹೆಸರು ಶ್ನೆಬ್ಲಿ ಹಿಲ್. 1902ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆದ ಟಿ.ಸಿ. ಶ್ನೆಬ್ಲಿಯ ಹೆಂಡತಿ ಸೆಡೋನಾ. ಹೀಗೆ ಊರಿಗೆ ಹೆಂಡತಿಯ ಹೆಸರು, ಕಲ್ಲಿಗೆ ಗಂಡನ ಮನೆತನದ್ದು. ಹಂಚಿಕೆ ನನಗೆ ಸರಿಯಾಗಿಯೇ ಕಾಣುತ್ತದೆ.

ಬಾದಾಮಿಯ ಬೆಟ್ಟ ಹತ್ತಿದವರಿಗೆ ಈ ಕಲ್ಲು ಅಪರಿಚಿತವಲ್ಲ. ಅಲ್ಲಿಯದೂ ಕೆಂಪು ಮರಳುಗಲ್ಲೇ, ವಯಸ್ಸಿನಲ್ಲಿ ಇದಕ್ಕಿಂತ ಎಷ್ಟೋ ಹಿರಿದು. ಅಲ್ಲಿ ಚಾಲುಕ್ಯರು ಬಂಡೆಯನ್ನೇ ಕೊರೆದು ಗುಡಿ ಮಾಡಿದರು. ಇಲ್ಲಿ ಹಿಂದೆ ನೆಲೆಸಿದ್ದ ಸಿನಾಗುವಾ ಜನ ಬಂಡೆಯನ್ನು ಕೊರೆಯಲು ಹೋಗಲಿಲ್ಲ; ಪಲಾಟ್ಕಿ, ಹೊನಾಂಕಿಗಳಲ್ಲಿ ಚಾಚಿದ ಬಂಡೆಯ ಕೆಳಗೆ ಕಲ್ಲುಗೋಡೆ ಕಟ್ಟಿ ಸಂಸಾರ ಹೂಡಿದರು.

ಮಧ್ಯಾಹ್ನ ಜುನಿಪರ್ ಮರದ ನೆರಳಲ್ಲಿ ಚಪಾತಿ, ಶೇಂಗಾ ಚಟ್ನಿ. ಈ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯದೆ ಆರಿಹೋಗುವುದರಿಂದ, ಬಾಟಲಿ ಅರ್ಧವಾದರೆ ವಾಪಸು ತಿರುಗುವುದು ನನ್ನ ನಿಯಮ. ಜುನಿಪರ್ ಕಾಂಡ ಹಗ್ಗ ಹೊಸೆದಂತೆ ತಿರುಚಿಕೊಂಡದ್ದನ್ನು ತೋರಿಸಿ, ಇಲ್ಲಿ ಭೂಮಿಯೊಳಗಿಂದ ಶಕ್ತಿಯ ಸುಳಿ ಏಳುತ್ತದೆ ಎನ್ನುವವರಿದ್ದಾರೆ. 1980ರ ದಶಕದಿಂದ ಅದೊಂದು ದೊಡ್ಡ ವ್ಯಾಪಾರವೇ ಆಗಿದೆ. ಸುಳಿಯಿಲ್ಲದ ಊರುಗಳಲ್ಲೂ ಜುನಿಪರ್ ತಿರುಚಿಕೊಂಡೇ ಬೆಳೆಯುತ್ತದೆ. ಆದರೆ ಕಣ್ಣು ಮುಚ್ಚಿ ಕೂತವರೊಂದಿಗೆ ವಾದಕ್ಕೇಕೆ ಇಳಿಯಲಿ? ಊಟದ ಮೇಲೆ ನಾನೂ ಕಣ್ಣು ಮುಚ್ಚುತ್ತೇನೆ.

ಸಂಜೆಗೆ ಕೆಥೀಡ್ರಲ್ ರಾಕ್. ಪುಕ್ಕಟೆ ಶಟಲ್ ಬಸ್ಸಿದೆ, ಪಾರ್ಕಿಂಗಿಗೆ ಹೊಡೆದಾಡಬೇಕಿಲ್ಲ. ದೂರ ಒಂದು ಕಿಲೋಮೀಟರಿನಷ್ಟೇ, ಏರು ಮಾತ್ರ 200 ಮೀಟರಿಗೂ ಹೆಚ್ಚು. ಒಂದು ಕಡೆ ದಾರಿಯೆಂದರೆ ಬಂಡೆಯ ಸೀಳು. ಬೂಟಿನ ಮೂತಿ ಹಿಡಿಸುವಷ್ಟೇ ಕಚ್ಚುಗಳು, ಸಾವಿರಾರು ಜನ ಹಿಡಿದು ನುಣುಪಾದ ಅಂಚುಗಳು. ಒಣಗಿದ ಮರಳುಗಲ್ಲು ಉಪ್ಪುಕಾಗದದ ಹಾಗೆ ಬೂಟನ್ನು ಕಚ್ಚಿ ಹಿಡಿಯುತ್ತದೆ. ನಂಬಿ ಭಾರ ಬಿಟ್ಟರೆ ಜಾರುವುದಿಲ್ಲ. ಹೆದರಿ ಮೈಯನ್ನು ಬಂಡೆಗೆ ಅಂಟಿಸಿಕೊಂಡರೆ ಕಾಲಿನ ಹಿಡಿತ ಸಡಿಲುತ್ತದೆ. ಮೈ ನೆಟ್ಟಗಿಟ್ಟು, ಇಡೀ ಅಂಗಾಲು ಊರಿ, ಕೈ ಬರೀ ನೆಪಕ್ಕೆಂಬಂತೆ ಇಡಬೇಕು. ಆ ಹದ ಸಿಕ್ಕ ಕ್ಷಣದ ಸುಖಕ್ಕೇ ನಾನು ಇಲ್ಲಿಗೆ ಬರುವುದು. ಮೇಲಿನ ಕಂಬಗಳ ನಡುವೆ ಎಲ್ಲರೂ ಫೋನು ಹಿಡಿದು ಸೂರ್ಯನಿಗೆ ಕಾದಿರುತ್ತಾರೆ. ನಾನು ಅದಕ್ಕೆ ಮೊದಲೇ ಹೊರಡುತ್ತೇನೆ, ಆ ಸೀಳನ್ನು ಕತ್ತಲಲ್ಲಿ ಇಳಿಯುವುದು ನನಗೆ ಬೇಡ.

ಇಳಿಯುವಾಗ ಮಾನ-ಮರ್ಯಾದೆ ನೋಡುವಂತಿಲ್ಲ. ಕೂತು, ಜರುಗಿ, ಹಿಂಭಾಗ ಒರೆಸಿಕೊಂಡೇ ಕೆಳಗೆ ಬರಬೇಕು. ಪೇಟೆಯ ಅಂಗಡಿಗಳಲ್ಲಿ ಇದೇ ಕೆಂಪು ಮಣ್ಣಿನ ಬಣ್ಣ ಕಟ್ಟಿದ ಟೀ ಶರ್ಟುಗಳನ್ನು ತೂಗುಹಾಕಿ ಮಾರುತ್ತಾರೆ. ನನ್ನ ಪ್ಯಾಂಟಿಗೆ ಆ ಬಣ್ಣ ಖರ್ಚಿಲ್ಲದೆ ಬಂದಿದೆ, ಎರಡು ಸಲ ಒಗೆದರೂ ಹೋಗಿಲ್ಲ.