ದೂರು ಬಾರದ ತಪ್ಪು

ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವುದು ಸುಲಭ. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಒಳಗಿನ ಒತ್ತಡ ಹೆಚ್ಚಿರುವುದರಿಂದ ಸೋರಿಕೆ ತಾನೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಎಳನೀರು ಕುಡಿಯುವ ಸ್ಟ್ರಾ ಸೀಳಿದ್ದರೆ ಹಾಗಲ್ಲ. ಅಲ್ಲಿ ಹೊರಗಿನ ಗಾಳಿಯೇ ಒಳಗೆ ಬರುತ್ತದೆ. ಕುಡಿಯುವವನಿಗೆ ಅದು ತಕ್ಷಣ ತಿಳಿಯುತ್ತದೆ, ಏಕೆಂದರೆ ಅವನಿಗೆ ನಾಲಿಗೆಯಿದೆ. ವಾಹನಗಳ ಹೊಗೆ ಪರೀಕ್ಷಿಸುವ ಅನಿಲ ವಿಶ್ಲೇಷಕ ಯಂತ್ರವೂ ಸ್ಟ್ರಾದಂತೆಯೇ ಹೀರುತ್ತದೆ. ಆದರೆ ಅದಕ್ಕೆ ನಾಲಿಗೆಯಿಲ್ಲ.

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಈ ಯಂತ್ರವನ್ನು ಬಹುತೇಕ ಎಲ್ಲರೂ ನೋಡಿರುತ್ತಾರೆ. ಅದರ ಪ್ರೋಬನ್ನು ಸೈಲೆನ್ಸರಿನೊಳಗೆ ಸುಮಾರು 300 ಮಿಲಿಮೀಟರ್, ಅಂದರೆ ಶಾಲೆಯ ಅಡಿಕೋಲಿನಷ್ಟು ಆಳಕ್ಕೆ ತೂರಿಸಬೇಕು. ಪುಟ್ಟ ಪಂಪೊಂದು ಹೊಗೆಯನ್ನು ಎಳೆದುಕೊಳ್ಳುತ್ತದೆ. ಫಿಲ್ಟರ್ ಮಸಿಯನ್ನು ತಡೆಯುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ತಣಿದು ಒಂದು ಬಟ್ಟಲಿಗೆ ಇಳಿಯುತ್ತದೆ. ಉಳಿದ ಅನಿಲದ ಮೂಲಕ ಅವಕೆಂಪು ಕಿರಣ ಹಾಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಸುಮಾರು 4.6 ಮೈಕ್ರೋಮೀಟರ್ ತರಂಗಾಂತರದ ಕಿರಣವನ್ನು ಹೀರುತ್ತದೆ. ಕಿರಣ ಎಷ್ಟು ಕುಗ್ಗಿತು ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 2005ರಲ್ಲಿ ತಯಾರಾದ ಒಂದು ಬೈಕಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3.5 ಮೀರುವಂತಿಲ್ಲ. ನಿಜವಾಗಿ ಅದು ಉಗುಳುತ್ತಿರುವುದು ಶೇ. 4.5. ರಬ್ಬರ್ ಕೊಳವೆಯ ಸಂದಿನಿಂದ ನಾಲ್ಕರಲ್ಲಿ ಒಂದು ಪಾಲು ಹೊರಗಿನ ಗಾಳಿ ಬೆರೆತರೆ ಯಂತ್ರ ತೋರಿಸುವುದು ಸುಮಾರು ಶೇ. 3.4. ಬೈಕು ಪಾಸು! ಇಂಜಿನ್ ಅದೇ, ಹೊಗೆ ಅದೇ. ಬದಲಾದದ್ದು ಕಾಗದದ ಮೇಲಿನ ಅಂಕಿ ಮಾತ್ರ.

ಹರಿವಿನ ಕತೆಯೂ ಇದೇ. ಫಿಲ್ಟರ್ ಕಟ್ಟಿಕೊಂಡು, ಬಟ್ಟಲಲ್ಲಿ ನೀರು ತುಂಬಿ, ಕೊಳವೆ ಮಡಚಿಕೊಂಡರೆ ಹೊಗೆ ನಿಧಾನವಾಗಿ ತಲುಪುತ್ತದೆ. ಅಂಕಿ ಪೂರ್ತಿ ಏರುವ ಮೊದಲೇ ಬರೆದುಕೊಂಡರೆ ಅದೂ ಕಡಿಮೆಯೇ.

ಇದಕ್ಕೆ ವ್ಯತಿರಿಕ್ತವಾದ ತಪ್ಪೂ ಉಂಟು. ಹಿಂದಿನ ಗಾಡಿಯ ಹೈಡ್ರೋಕಾರ್ಬನ್ ಕೊಳವೆಯ ಒಳಮೈಗೆ ಅಂಟಿಕೊಂಡಿದ್ದು, ಶುದ್ಧ ಗಾಳಿ ಹಾಯಿಸದೆ ಮುಂದಿನ ಗಾಡಿಯನ್ನು ಪರೀಕ್ಷಿಸಿದರೆ ನಿರಪರಾಧಿಯ ತಲೆಗೆ ದೋಷ ಬರುತ್ತದೆ. ಆದರೆ ಆ ತಪ್ಪು ಹೆಚ್ಚು ದಿನ ಬಾಳುವುದಿಲ್ಲ; ಗಾಡಿಯ ಮಾಲೀಕ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಸೋರಿಕೆಯ ತಪ್ಪಿನಿಂದ ಯಾರಿಗೂ ಬೇಸರವಿಲ್ಲ. ಆದ್ದರಿಂದ ಅದನ್ನು ಹುಡುಕುವವರೂ ಇಲ್ಲ.

ಹುಡುಕುವ ವಿಧಾನವೇನೂ ಕಷ್ಟದ್ದಲ್ಲ. ಪ್ರೋಬಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ ಪಂಪು ನಡೆಸಬೇಕು. ಹರಿವು ತೋರಿಸುವ ಗುಂಡು ತಳಕ್ಕೆ ಬೀಳಬೇಕು. ಬಾಯಿ ಮುಚ್ಚಿದರೂ ಅದು ತೇಲುತ್ತಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಹೊಸ ಯಂತ್ರಗಳು ಒಳಗಿನ ನಿರ್ವಾತ ಕೆಲವು ಸೆಕೆಂಡು ನಿಲ್ಲುತ್ತದೆಯೇ ಎಂದು ತಾವೇ ನೋಡಿ ಹೇಳುತ್ತವೆ. ಮುಚ್ಚಳ ಹಾಕುವ ಕೆಲಸವಂತೂ ಮನುಷ್ಯನದೇ.

ಡಿಪ್ಲೊಮಾ ಮುಗಿಸಿ ಇಂಥ ಕೇಂದ್ರವೊಂದಕ್ಕೆ ಸೇರಿದ ಹುಡುಗನೊಬ್ಬ ಬೆಳಿಗ್ಗೆ ಇದನ್ನು ಮಾಡದೆ ಗಾಡಿ ಮುಟ್ಟುವುದಿಲ್ಲ. "ಏನಪ್ಪಾ, ಯಂತ್ರಕ್ಕೂ ಪೂಜೆಯೋ?" ಎಂದು ಗಿರಾಕಿಗಳು ಸಿಡುಕುತ್ತಾರೆ. "ಎರಡೇ ನಿಮಿಷ ಸಾರ್. ಇದು ಸುಳ್ಳು ಹೇಳಿದರೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ" ಎನ್ನುತ್ತಾನೆ. ಕೆಲವರು ಗಾಡಿ ತಿರುಗಿಸಿಕೊಂಡು ಬೇರೆ ಕಡೆ ಹೋಗುವುದೂ ಉಂಟು. ಆ ನಷ್ಟ ಅವನ ಲೆಕ್ಕಕ್ಕೆ ಸೇರುತ್ತದೆ; ಅವನ ಎರಡು ನಿಮಿಷದ ಲಾಭ ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

ಶಾಲೆಗೂ ಈ ಮಾತು ಸಲ್ಲುತ್ತದೆ. ಅಂಕ ಕಡಿಮೆ ಬಂದರೆ ಮರುಎಣಿಕೆಗೆ ಅರ್ಜಿ ಹಾಕುತ್ತಾರೆ. ಹೆಚ್ಚು ಬಂದರೆ ಹಾಕಿದವರುಂಟೇ? ಪ್ರಯೋಗ ಮಾಡದೆಯೇ ಪುಸ್ತಕದ ಬೆಲೆಯನ್ನು ರೆಕಾರ್ಡಿನಲ್ಲಿ ಬರೆದ ವಿದ್ಯಾರ್ಥಿ ಆ ದಿನ ಗೆಲ್ಲುತ್ತಾನೆ, ಮನೆಯವರೂ ಸಂತೋಷಪಡುತ್ತಾರೆ. ತನಗೆ ಅನುಕೂಲವಾದ ಅಂಕಿಯನ್ನೇ ಮೊದಲು ಸಂಶಯದಿಂದ ನೋಡುವುದನ್ನು ಕಲಿತವನಿಗೆ ಮಾತ್ರ ಅಳತೆಯ ಅರ್ಥ ತಿಳಿದಂತೆ.

ಏಕೆಂದರೆ ಕಾರ್ಬನ್ ಮಾನಾಕ್ಸೈಡ್ ಪ್ರಮಾಣಪತ್ರ ಓದುವುದಿಲ್ಲ. ಸಿಗ್ನಲ್‌ನಲ್ಲಿ ಅಪ್ಪನ ಬೈಕಿನ ಹಿಂದೆ ಕುಳಿತ ಮಗುವಿನ ಶ್ವಾಸಕೋಶ ಸೇರುವುದು ಯಂತ್ರ ತೋರಿಸಿದ ಹೊಗೆಯಲ್ಲ, ಗಾಡಿಗಳು ನಿಜವಾಗಿ ಉಗುಳಿದ ಹೊಗೆ.