ಮೊದಲು ಗುಂಡು ಹಾರಿಸಿದವರು ಯಾರು?

ಐವತ್ತರ ಒಬ್ಬ ಗಂಡಸು, ಮೂವತ್ತೈದರ ಇನ್ನೊಬ್ಬ ಗಂಡಸು. ಇಬ್ಬರೂ ಒಳ್ಳೆಯ ನೌಕರಿಯಲ್ಲಿರುವವರು, ಮನೆ ಮಕ್ಕಳು ಉಳ್ಳವರು. ಇಂಥವರು ಊಟ ತಣ್ಣಗಾಗುವುದನ್ನೂ ಲೆಕ್ಕಿಸದೆ, ಒಂದು ಹಸಿರು ಮುಖದ ಪ್ರಾಣಿ ಮೊದಲು ಗುಂಡು ಹಾರಿಸಿತೋ ಇಲ್ಲವೋ ಎಂದು ಜಗಳವಾಡುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. 2019ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಊರಿನಲ್ಲಿ, ನನ್ನ ತಂಗಿಯ ಮಗನ ಮನೆಯಲ್ಲಿ.

ಜಗಳ 'ಸ್ಟಾರ್ ವಾರ್ಸ್' ಎಂಬ ಸಿನಿಮಾದ್ದು. ಆ ತಿಂಗಳು ಡಿಸ್ನಿ ಕಂಪನಿಯವರು ಮನೆಮನೆಗೆ ಚಿತ್ರಗಳನ್ನು ತಲುಪಿಸುವ ಹೊಸ ವ್ಯವಸ್ಥೆಯೊಂದನ್ನು ಶುರುಮಾಡಿದ್ದರು. ಅದರಲ್ಲಿ ಹಳೆಯ 'ಸ್ಟಾರ್ ವಾರ್ಸ್' ಕೂಡ ಇತ್ತು. ನನ್ನ ಅಳಿಯ ತನ್ನ ಆಫೀಸಿನ ಅಮೆರಿಕನ್ ಗೆಳೆಯನನ್ನು ಊಟಕ್ಕೆ ಕರೆದು, "ಮಾವ, ನೀವೂ ಒಂದ್ಸಲ ನೋಡಿ" ಎಂದು ನನ್ನನ್ನೂ ಸೋಫಾದ ಮೇಲೆ ಕೂರಿಸಿದ. ಮುಕ್ಕಾಲು ಗಂಟೆ ಎಲ್ಲ ಸುಸೂತ್ರವಾಗಿ ನಡೆಯಿತು. ಹೆಂಡದಂಗಡಿಯ ದೃಶ್ಯ ಬಂದದ್ದೇ ತಡ, ಗೆಳೆಯ ಸೋಫಾದಿಂದ ಎದ್ದು ನಿಂತು, "ಮತ್ತೆ ಬದಲಾಯಿಸಿದ್ದಾರೆ!" ಎಂದು ಕೂಗಿದ. ಮನೆಯೊಳಗೆ ಹಾವು ಬಂದಾಗ ಮಾತ್ರ ಮನುಷ್ಯರು ಹಾಗೆ ಕೂಗುವುದನ್ನು ನಾನು ಕೇಳಿದ್ದೆ.

ನನ್ನ ಹಾಗೆ ಈ ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹ್ಯಾನ್ ಸೋಲೋ ಎನ್ನುವವನು ಆಕಾಶನೌಕೆಯಲ್ಲಿ ಕಳ್ಳಸಾಗಣೆ ಮಾಡಿ ಬದುಕುವವನು. ಜಬ್ಬಾ ಎಂಬ ಧಣಿಗೆ ಅವನು ದುಡ್ಡು ಕೊಡುವುದಿದೆ. ಅವನನ್ನು ಹಿಡಿದುಕೊಟ್ಟರೆ ಸಿಗುವ ಬಹುಮಾನದ ಆಸೆಗೆ ಗ್ರೀಡೋ ಎಂಬ ಹಸಿರು ಪ್ರಾಣಿ ಹೆಂಡದಂಗಡಿಯಲ್ಲಿ ಎದುರು ಕೂತು ಪಿಸ್ತೂಲು ಹಿಡಿಯುತ್ತದೆ. 1977ರ ಮೇ ತಿಂಗಳಲ್ಲಿ ಚಿತ್ರ ತೆರೆಕಂಡಾಗ, ಹ್ಯಾನ್ ಮಾತಾಡುತ್ತಲೇ ಮೇಜಿನ ಕೆಳಗೆ ತನ್ನ ಪಿಸ್ತೂಲು ತೆಗೆದು ಒಂದೇ ಏಟಿಗೆ ಗ್ರೀಡೋವನ್ನು ಮುಗಿಸುತ್ತಿದ್ದ. ಆಮೇಲೆ ಅಂಗಡಿಯವನಿಗೆ ಕಾಸು ಎಸೆದು, ಗಲೀಜು ಮಾಡಿದ್ದಕ್ಕೆ ಕ್ಷಮೆ ಕೇಳಿ ಹೊರಟುಹೋಗುತ್ತಿದ್ದ. ಇಷ್ಟೇ ದೃಶ್ಯ.

1997ರಲ್ಲಿ ಚಿತ್ರಕ್ಕೆ ಇಪ್ಪತ್ತು ತುಂಬಿತೆಂದು ನಿರ್ದೇಶಕ ಜಾರ್ಜ್ ಲ್ಯೂಕಾಸ್ 'ವಿಶೇಷ ಆವೃತ್ತಿ'ಯನ್ನು ತಂದರು. ಅದರಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸುತ್ತದೆ. ಒಂದು ಮೇಜಿನಷ್ಟು ದೂರದಿಂದ ಹೊಡೆದರೂ ಗುರಿ ತಪ್ಪಿ ಗುಂಡು ಗೋಡೆಗೆ ತಾಗುತ್ತದೆ. ಹ್ಯಾನ್ ಹೊಡೆಯುವುದು ಆಮೇಲೆ. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊಡೆಯುವಂತೆ ಮಾಡಿದರು. 2019ರಲ್ಲಿ, ನಾನು ನೋಡಿದ ಆ ರಾತ್ರಿ, ಗ್ರೀಡೋ ಗುಂಡು ಹಾರಿಸುವ ಮುಂಚೆ "ಮ್ಯಾಕ್ಲಂಕಿ" ಎಂದು ಯಾವುದೋ ಲೋಕದ ಭಾಷೆಯಲ್ಲಿ ಒಂದು ಶಬ್ದ ಹೇಳಿತು. ಅಳಿಯನ ಗೆಳೆಯ ಎದ್ದು ನಿಂತದ್ದು ಈ ಶಬ್ದಕ್ಕೆ.

ಕಾಲೇಜಿನಲ್ಲಿ ನಮಗೆ ಹಳಗನ್ನಡ ಕಲಿಸುತ್ತಿದ್ದ ಮೇಷ್ಟರು ಪಾಠಾಂತರಗಳ ವಿಷಯ ಬಂದರೆ ಗಂಟೆ ಹೊಡೆದರೂ ಬಿಡುತ್ತಿರಲಿಲ್ಲ. ಕವಿ ಬರೆದದ್ದು ಒಂದು, ಓಲೆಗರಿ ನಕಲು ಮಾಡಿದವನು ಕೆತ್ತಿದ್ದು ಇನ್ನೊಂದು, ನಡುವೆ ಯಾರೋ ಸೇರಿಸಿದ್ದು ಮತ್ತೊಂದು. ಅಲ್ಲೆಲ್ಲ ತಪ್ಪು ಹೊರಿಸುವುದಕ್ಕೆ ಒಬ್ಬ ಬಡ ಲಿಪಿಕಾರನಾದರೂ ಇದ್ದ. ಇಲ್ಲಿ ಕವಿಯೇ ಲಿಪಿಕಾರ. ಹೀಗಿರುವಾಗ ಯಾವುದು ಶುದ್ಧಪಾಠ ಎಂದು ಯಾರನ್ನು ಕೇಳುವುದು?

ಅಳಿಯನದು ಬೇರೆಯೇ ವಾದ. ಅವನು ಈ ಚಿತ್ರವನ್ನು ಮೊದಲು ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನ ಕಂಪ್ಯೂಟರಿನಲ್ಲಿ, ಅದೂ ಬದಲಾದ ರೂಪದಲ್ಲಿ. "ನಾನು ನೋಡಿದ್ದೇ ಹಾಗೆ. ನನಗೆ ಅದೇ ಮೂಲ. ಮಾಡಿದವರು ಅವರು, ತಿದ್ದಿದವರೂ ಅವರೇ. ಕೇಳೋಕೆ ನಾವ್ಯಾರು?" ಎಂದ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ಎಂಟು ವರ್ಷದವನಿದ್ದಾಗ ತಂದೆಯ ಜೊತೆ ಥಿಯೇಟರಿಗೆ ಹೋಗಿ ಈ ಚಿತ್ರ ನೋಡಿದ್ದನಂತೆ. ಹ್ಯಾನ್ ಗುಂಡು ಹಾರಿಸಿದ ಕೂಡಲೇ ತಂದೆ ಗಟ್ಟಿಯಾಗಿ ನಕ್ಕಿದ್ದರಂತೆ. "ಅವರು ನಕ್ಕ ಸಿನಿಮಾವನ್ನು ನನ್ನ ಮಗನಿಗೆ ತೋರಿಸೋಣ ಅಂದರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ" ಎಂದ. ಆ ಮಾತಿಗೆ ಅಳಿಯನ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ಸಾರು ಮೂರನೆಯ ಸಲ ಬಿಸಿಮಾಡುವ ಸದ್ದು ಕೇಳುತ್ತಿತ್ತು.

ಊಟಕ್ಕೆ ಕೂತ ಮೇಲೂ ಅದೇ ಮಾತು. ಎಲ್ಲ ಬದಲಾವಣೆಯೂ ಕೆಟ್ಟದ್ದೆಂದು ಗೆಳೆಯನೂ ಹೇಳಲಿಲ್ಲ ಅನ್ನಿ. ಎರಡನೆಯ ಚಿತ್ರದಲ್ಲಿ ಮೋಡಗಳ ಮೇಲಿನ ನಗರವೊಂದು ಬರುತ್ತದೆ. ಅದರ ಬರೀ ಗೋಡೆಗಳಿದ್ದ ಕಡೆ ಕಿಟಕಿ ಇಟ್ಟು ಹೊರಗಿನ ಆಕಾಶ ತೋರಿಸಿದ್ದು ಚೆನ್ನಾಗಿಯೇ ಇದೆ ಎಂದು ಇಬ್ಬರೂ ಒಪ್ಪಿದರು. ಮೂರನೆಯ ಚಿತ್ರದ ಕೊನೆಯಲ್ಲಿ ನಾಯಕನ ತಂದೆಯ ಆತ್ಮವಾಗಿ ಕಾಣಿಸಿಕೊಂಡಿದ್ದ ವೃದ್ಧ ನಟ ಸೆಬಾಸ್ಟಿಯನ್ ಶಾ ಅವರನ್ನು ತೆಗೆದು, 2004ರಲ್ಲಿ ಯುವಕ ಹೇಡನ್ ಕ್ರಿಸ್ಟೆನ್‌ಸನ್ ಅವರನ್ನು ನಿಲ್ಲಿಸಿದ್ದನ್ನು ಇಬ್ಬರೂ ಒಪ್ಪಲಿಲ್ಲ.

ಆಮೇಲೆ ಮಾತು ಕತ್ತರಿಸಿದ ದೃಶ್ಯಗಳ ಕಡೆ ಹೊರಳಿತು. ನಾಯಕ ಲ್ಯೂಕ್‌ಗೆ ಬಿಗ್ಸ್ ಎಂಬ ಬಾಲ್ಯದ ಗೆಳೆಯನಿದ್ದಾನೆ. ಚಿತ್ರದ ಮೊದಲ ಭಾಗದಲ್ಲೇ ಅವರಿಬ್ಬರೂ ಊರಿನಲ್ಲಿ ಭೇಟಿಯಾಗಿ, ಬಿಗ್ಸ್ ತಾನು ಬಂಡಾಯಗಾರರನ್ನು ಸೇರುವ ಗುಟ್ಟು ಹೇಳುವ ದೃಶ್ಯವನ್ನು ಚಿತ್ರಿಸಿದ್ದರು. ಸಂಕಲನದಲ್ಲಿ ಅದು ಹೋಯಿತು. ಹೋದದ್ದರಿಂದ ನೋಡುವವರು ಎರಡು ಯಂತ್ರಗೊಂಬೆಗಳ ಹಿಂದೆ ಹೋಗಿ, ತಡವಾಗಿ ಲ್ಯೂಕ್‌ನನ್ನು ಕಾಣುತ್ತಾರೆ. ಅದೇ ಚೆಂದ ಎಂದು ಅಳಿಯನ ಮತ. ಆ ಚಿತ್ರದ ಮೂವರು ಸಂಕಲನಕಾರರಿಗೆ ಆಸ್ಕರ್ ಬಂದದ್ದು ಸುಮ್ಮನೆಯೇ? ಆದರೆ ಕೊನೆಯ ಯುದ್ಧದಲ್ಲಿ ಬಿಗ್ಸ್ ಸತ್ತಾಗ, ಅವನು ಯಾರೆಂದೇ ಸರಿಯಾಗಿ ಗೊತ್ತಿಲ್ಲದೆ ನಾವು ಹೇಗೆ ಮರುಗುವುದು ಎಂದು ಗೆಳೆಯ. 1997ರಲ್ಲಿ ಯುದ್ಧಕ್ಕೆ ಮೊದಲು ಅವರಿಬ್ಬರೂ ತಬ್ಬಿಕೊಳ್ಳುವ ತುಣುಕನ್ನು ಮಾತ್ರ ಚಿತ್ರದೊಳಗೆ ಸೇರಿಸಿದರು. ಊರಿನ ದೃಶ್ಯಗಳನ್ನು 2011ರ ಬ್ಲೂ-ರೇ ಡಿಸ್ಕಿನಲ್ಲಿ ಬೇರೆಯಾಗಿ, ಪುಸ್ತಕದ ಅನುಬಂಧದ ಹಾಗೆ ಕೊಟ್ಟರು.

ಜಬ್ಬಾನ ಕಥೆ ಇನ್ನೂ ಸ್ವಾರಸ್ಯ. ಅವನು ಹ್ಯಾನ್‌ನನ್ನು ನೌಕೆಯ ಬಳಿ ಭೇಟಿಯಾಗುವ ದೃಶ್ಯವನ್ನು 1976ರಲ್ಲೇ ಡೆಕ್ಲಾನ್ ಮಲ್‌ಹಾಲೆಂಡ್ ಎಂಬ ದಪ್ಪ ದೇಹದ ನಟರನ್ನಿಟ್ಟು ತೆಗೆದು, ಆಮೇಲೆ ಕೈಬಿಟ್ಟಿದ್ದರು. 1983ರ ಮೂರನೆಯ ಚಿತ್ರದಲ್ಲಿ ಜಬ್ಬಾ ಕಾಣಿಸಿಕೊಂಡದ್ದು ದೊಡ್ಡ ಗೊಂಡೆಹುಳದ ರೂಪದಲ್ಲಿ. 1997ರಲ್ಲಿ ಹಳೆಯ ದೃಶ್ಯವನ್ನು ಹೊರತೆಗೆದು, ಆ ನಟರ ಮೇಲೆ ಕಂಪ್ಯೂಟರಿನ ಗೊಂಡೆಹುಳವನ್ನು ಕೂರಿಸಿದರು. ಫಜೀತಿ ಏನಾಯಿತೆಂದರೆ, ಹಳೆಯ ಚಿತ್ರಣದಲ್ಲಿ ಹ್ಯಾನ್ ಆ ನಟರ ಬೆನ್ನ ಹಿಂದಿನಿಂದ ಸುತ್ತಿ ನಡೆದಿದ್ದ. ಗೊಂಡೆಹುಳಕ್ಕೆ ಅಲ್ಲಿ ಬಾಲವಿದೆ! ಕೊನೆಗೆ ಅವನು ಬಾಲ ತುಳಿದು ದಾಟುವಂತೆ ಮಾಡಬೇಕಾಯಿತು. ಹೆಂಡದಂಗಡಿಯಲ್ಲಿ ಗ್ರೀಡೋ ಮುಂದೆ ಆಡಿದ ಮಾತನ್ನೇ ಹ್ಯಾನ್ ಇಲ್ಲಿ ಮತ್ತೊಮ್ಮೆ ಆಡುತ್ತಾನೆ. ಬಾಲ ತುಳಿದರೂ ಏನೂ ಮಾಡದ ಧಣಿಗೆ ಹೆದರುವುದಾದರೂ ಏಕೆ ಎಂದು ನನಗೂ ಅನ್ನಿಸಿತು.

ಲ್ಯೂಕಾಸ್ ತಮ್ಮ ಬದಲಾವಣೆಗೆ ಕಾರಣ ಕೊಟ್ಟಿದ್ದಾರೆ. ಮುಂದೆ ರಾಜಕುಮಾರಿ ಲೇಯಾಳನ್ನು ಮದುವೆಯಾಗುವವನು ತಣ್ಣಗೆ ಕೊಲ್ಲುವವನಾಗಿರಬಾರದು, ಎದುರಾಳಿಗೆ ಮೊದಲ ಏಟು ಬಿಟ್ಟುಕೊಡುವ ವೀರನಾಗಿರಬೇಕು ಎಂದು 2015ರ ಸಂದರ್ಶನವೊಂದರಲ್ಲಿ ಹೇಳಿದರು. ಇದು ಅಸಡ್ಡೆಯ ಮಾತಲ್ಲ, ತನ್ನ ಪಾತ್ರವನ್ನು ಪ್ರೀತಿಸುವವರ ಮಾತು. ಆದರೆ ಅದೇ ಚಿತ್ರದ ಕೊನೆಯಲ್ಲಿ ಏನಾಗುತ್ತದೆ ನೋಡಿ. ಹ್ಯಾನ್ ತನ್ನ ಕೂಲಿ ತೆಗೆದುಕೊಂಡು, ಯುದ್ಧ ನನ್ನದಲ್ಲ ಎಂದು ಹೊರಟುಹೋಗುತ್ತಾನೆ. ಇನ್ನೇನು ಲ್ಯೂಕ್ ಸತ್ತ ಎನ್ನುವಾಗ ತಿರುಗಿ ಬಂದು ಅವನನ್ನು ಉಳಿಸುತ್ತಾನೆ. ಮೇಜಿನ ಕೆಳಗಿಂದ ಗುಂಡು ಹೊಡೆದವನು ತಿರುಗಿ ಬಂದನಲ್ಲ ಎಂದೇ ಆ ಎಂಟು ವರ್ಷದ ಹುಡುಗ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದು. ಮೊದಲಿನಿಂದಲೂ ಒಳ್ಳೆಯವನಾಗಿದ್ದವನು ಬಂದರೆ ಅದರಲ್ಲೇನು ಹೆಚ್ಚುಗಾರಿಕೆ?

ಇನ್ನೊಂದು ಸಂಗತಿಯನ್ನೂ ಗೆಳೆಯ ಹೇಳಿದ. ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ಹಾವಳಿ ಅಮೆರಿಕದಲ್ಲಿ ನಡೆದಿದ್ದಾಗ, 1988ರಲ್ಲಿ ಇದೇ ಲ್ಯೂಕಾಸ್ ಅಲ್ಲಿನ ಸಂಸತ್ತಿನ ಸಮಿತಿಯ ಎದುರು ನಿಂತು, ಲಾಭಕ್ಕಾಗಿ ಕಲಾಕೃತಿಗಳನ್ನು ತಿರುಚುವವರು ಅನಾಗರಿಕರು ಎಂದಿದ್ದರು. ಮುಂದೆ ಮೂಲ ನೆಗೆಟಿವ್‌ಗಳು ಕಳೆದುಹೋಗಿ ತಿದ್ದಿದವು ಅವುಗಳ ಜಾಗಕ್ಕೆ ಬರಬಹುದೆಂದೂ ಎಚ್ಚರಿಸಿದ್ದರು. ಅವರು ಹೇಳಿದ್ದು ಬೇರೆಯವರು ಕೈಹಾಕುವುದರ ಬಗ್ಗೆ ಎಂದು ಅಳಿಯ ವಕಾಲತ್ತು ವಹಿಸಿದ. ಅದೂ ಸರಿಯೇ. ಆದರೆ 2004ರಲ್ಲಿ ಹಳೆಯ ರೂಪ ಕೊಡಿ ಎಂದವರಿಗೆ ಲ್ಯೂಕಾಸ್ ಹೇಳಿದ್ದು, ನೀವು ಅರ್ಧ ಮುಗಿದ ಚಿತ್ರವನ್ನು ನೋಡಿ ಮೆಚ್ಚಿಕೊಂಡಿರಿ, ಕ್ಷಮಿಸಿ, ನಾನು ಬಯಸಿದ್ದು ಇದು ಎಂಬರ್ಥದ ಮಾತು. 2006ರಲ್ಲಿ ಹಳೆಯ ರೂಪ ಡಿವಿಡಿಯ ಜೊತೆಗೆ ಬಂದರೂ ಅದು 1993ರ ಲೇಸರ್ ಡಿಸ್ಕಿಗಾಗಿ ಮಾಡಿದ್ದ ಪ್ರತಿಯಿಂದ ತೆಗೆದದ್ದು, ಮಂಕು ಮಂಕು. ಅಭಿಮಾನಿಗಳೇ ಹಳೆಯ ರೀಲುಗಳನ್ನು ಹುಡುಕಿ, ಒಂದೊಂದೇ ಚೌಕವನ್ನು ಒರೆಸಿ, ವರ್ಷಗಟ್ಟಲೆ ಕೂತು ಮೂಲವನ್ನು ಮತ್ತೆ ಕಟ್ಟಿದರು. ಕಾನೂನು ಒಪ್ಪದ ಕೆಲಸ, ಆದರೆ ಭಕ್ತಿಯ ಕೆಲಸ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿನಿಮಾದಿಂದಲ್ಲ. ನಾನೂ ಅದೇ ಕೆಲಸ ಮಾಡಿದವನು.

1998ರಲ್ಲಿ ಬಂದ ನನ್ನ ಮೊದಲ ಪ್ರಬಂಧ ಸಂಕಲನದಲ್ಲಿ ಅಪ್ಪಯ್ಯನ ಮೇಲೆ ಒಂದು ಬರಹವಿತ್ತು. ತಂಗಿ ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೊರಟು ನಿಂತ ದಿನ, ಅಪ್ಪಯ್ಯ ಅವಳ ಹೆಗಲಿನಿಂದ ಪುಸ್ತಕದ ಚೀಲ ತೆಗೆದು ಜಗಲಿಯ ಮೊಳೆಗೆ ತೂಗುಹಾಕಿ, "ಸಾಕು" ಎಂದದ್ದನ್ನು ಅದರಲ್ಲಿ ಬರೆದಿದ್ದೆ. ಅಪ್ಪಯ್ಯ ಅದನ್ನು ಓದಿದರು. ಕನ್ನಡಕ ಮಡಚಿಟ್ಟು ತೋಟಕ್ಕೆ ಹೋದರು. ಏನೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ, 2010ರಲ್ಲಿ ಎರಡನೆಯ ಮುದ್ರಣಕ್ಕೆ ಕರಡು ಬಂದಾಗ ನನ್ನ ಕೈ ಆ ಸಾಲುಗಳ ಮೇಲೆ ನಿಂತಿತು. ಸತ್ತವರನ್ನು ಹೀಗೆ ನಿಲ್ಲಿಸುವುದೇ ಎನ್ನಿಸಿತು. ಹೈಸ್ಕೂಲು ದೂರ, ಮಳೆಗಾಲದಲ್ಲಿ ಹಳ್ಳ ತುಂಬಿ ದಾಟುವುದು ಕಷ್ಟ, ಹೀಗಾಗಿ ತಂಗಿಯ ಓದು ತಾನಾಗಿಯೇ ನಿಂತಿತು ಎಂದು ತಿದ್ದಿದೆ. ಯಾವುದೂ ಸುಳ್ಳಲ್ಲ. ಹೈಸ್ಕೂಲು ದೂರವಿತ್ತು, ಹಳ್ಳವೂ ತುಂಬುತ್ತಿತ್ತು. ಅಪ್ಪಯ್ಯನ ಕೈ ಮಾತ್ರ ಮಾಯವಾಯಿತು. ಮೊದಲ ಗುಂಡನ್ನು ನಾನು ಮಳೆಯ ಕೈಯಲ್ಲಿ ಹಾರಿಸಿದ್ದೆ.

ಅದೇ ಮುದ್ರಣದಲ್ಲಿ ಹೊಸದಾಗಿ ಒಂದು ಘಟನೆಯನ್ನೂ ಸೇರಿಸಿದ್ದೆ. 2002ರಲ್ಲಿ ತಂಗಿಯ ಮಗನಿಗೆ, ಅಂದರೆ ಈ ಅಳಿಯನಿಗೆ, ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪಯ್ಯ ಅಡಿಕೆ ಮಾರಿದ ದುಡ್ಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಅವಳ ಮನೆಗೆ ಹೋಗಿ, ಅವಳ ಕೈಯಲ್ಲಿಟ್ಟು, "ನಿಂದೊಂದು ಬಾಕಿ ಇತ್ತಲ್ಲೇ" ಎಂದರು. ಪುಸ್ತಕದ ಅತ್ಯಂತ ಒಳ್ಳೆಯ ಭಾಗ ಅದು ಎಂದು ನಾನು ನಂಬಿದ್ದೆ. ಹ್ಯಾನ್ ಸೋಲೋ ತಿರುಗಿ ಬಂದದ್ದನ್ನು ನೋಡಿದ ಆ ರಾತ್ರಿಯೇ ನನಗೆ ಹೊಳೆದದ್ದು: ಓದು ಮಳೆಯಿಂದ ನಿಂತದ್ದಾದರೆ ಅಪ್ಪಯ್ಯನಿಗೆ ಬಾಕಿ ಎಲ್ಲಿಂದ ಬಂತು? ಒಂದು ಕಡೆ ಅವರನ್ನು ಒಳ್ಳೆಯವರನ್ನಾಗಿ ಮಾಡಲು ಹೋಗಿ, ಅವರು ನಿಜವಾಗಿ ದೊಡ್ಡವರಾದ ಗಳಿಗೆಯನ್ನು ಬರೀ ಒಂದು ಮಾತಾಗಿ ಮಾಡಿಟ್ಟಿದ್ದೆ.

ಊರಿಗೆ ಬಂದ ಮೇಲೆ ತಂಗಿಯ ಮನೆಗೆ ಹೋದೆ. ಅವಳು ಎರಡನೆಯ ಮುದ್ರಣದ ಬಗ್ಗೆ ಒಂಬತ್ತು ವರ್ಷ ಏನನ್ನೂ ಹೇಳಿರಲಿಲ್ಲ. ನಾನೇ ಕೇಳಿದೆ. ಒಳಗೆ ಹೋಗಿ ಬೀರುವಿನಿಂದ ಮೊದಲ ಮುದ್ರಣದ ಪ್ರತಿ ತಂದಳು. ಕಂದು ಕಾಗದದ ಬೈಂಡು ಹಾಕಿ, ಶಾಲೆಯ ಪುಸ್ತಕದ ಹಾಗೆ ಇಟ್ಟುಕೊಂಡಿದ್ದಳು.

"ಮಳೆ ಬರ್ತಿದ್ದದ್ದು ಹೌದು ಅಣ್ಣಯ್ಯ" ಎಂದಳು. "ಪ್ರತಿ ವರ್ಷ ಬರ್ತಿತ್ತು. ಉಳಿದ ಹುಡುಗೀರು ಹೋಗ್ತಿದ್ರು."

ಅಷ್ಟೇ. ಕಾಫಿ ತರಲು ಒಳಗೆ ಹೋದಳು.

ಬರೆದವನಿಗೆ ತಿದ್ದುವ ಹಕ್ಕಿಲ್ಲ ಎಂದು ನಾನು ಈಗಲೂ ಹೇಳಲಾರೆ. ಕಾಗುಣಿತ ತಿದ್ದಬೇಕು, ಗೋಡೆಯಿದ್ದಲ್ಲಿ ಕಿಟಕಿಯನ್ನೂ ಇಡಬಹುದು. ಆದರೆ ಹಳೆಯದನ್ನು ಬೀರುವಿನಿಂದ ಹೊರಗೆ ಹಾಕುವ ಹಕ್ಕು ನನಗಿಲ್ಲ. ಅದರಲ್ಲಿ ಬೇರೆಯವರ ವಸ್ತುಗಳೂ ಇರುತ್ತವೆ, ಒಬ್ಬನ ತಂದೆಯ ನಗು, ಒಬ್ಬಳ ಪುಸ್ತಕದ ಚೀಲ.

2025ರ ಜೂನ್ 12ರಂದು ಲಂಡನ್ನಿನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ತಮ್ಮ ಭಂಡಾರದಲ್ಲಿ ಕಾಪಾಡಿಕೊಂಡು ಬಂದಿದ್ದ 1977ರ ಮೂಲ ಪ್ರತಿಯನ್ನು ತೆರೆಯ ಮೇಲೆ ತೋರಿಸಿದರು. ಅಳಿಯ ಫೋನು ಮಾಡಿ ತಿಳಿಸಿದ. ಗೆಳೆಯನಿಗೆ ಹೋಗಲಾಗಲಿಲ್ಲವಂತೆ, ಆದರೂ ಆ ದಿನವೆಲ್ಲ ಖುಷಿಯಾಗಿದ್ದನಂತೆ.

ಅದೇ ವಾರ ನನ್ನ ಪುಸ್ತಕದ ಮೂರನೆಯ ಮುದ್ರಣದ ಕರಡು ಬಂದಿತ್ತು. ಅಪ್ಪಯ್ಯನ ಕೈ, ಚೀಲ, ಮೊಳೆ ಎಲ್ಲ ಇದ್ದ ಜಾಗಕ್ಕೆ ಮರಳಿದ್ದವು. ಬಾಕಿಯ ದುಡ್ಡಿನ ಘಟನೆಯೂ ಅದರ ಜಾಗದಲ್ಲಿತ್ತು. ಮಳೆಯ ಸಾಲುಗಳನ್ನು ಪುಸ್ತಕದ ಕೊನೆಗೆ, ಹೀಗೂ ತಿದ್ದಿದ್ದೆ ಎಂಬ ಒಂದು ಟಿಪ್ಪಣಿಯೊಂದಿಗೆ ಇಟ್ಟಿದ್ದೆ. ಅಕ್ಷರ ಜೋಡಿಸುವ ಹುಡುಗ ಎರಡನೆಯ ಮುದ್ರಣವನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿರಬೇಕು. ಫೋನು ಮಾಡಿ, "ಸಾರ್, ಇಲ್ಲಿ ಹಳೇದು ಬಂದುಬಿಟ್ಟಿದೆ, ತೆಗೀಲಾ?" ಎಂದು ಕೇಳಿದ.

"ಬೇಡಪ್ಪ, ಇರಲಿ" ಎಂದೆ.