ಕಂಬಿಯ ಹಿಂದೆ ನಡೆದ ಕಾಲು ಓಸ್ಲಾಕ್ಕೆ ಹೋದರೆ

ತುಬಚಿಯಲ್ಲಿ ಎತ್ತರದ ಮಾತು ಬಂದರೆ ಅದು ನೀರಿನ ಮಾತೇ. ಜಮಖಂಡಿ ತಾಲ್ಲೂಕಿನ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಅಚ್ಚಾಗುವುದು ‘ತುಬಚಿ–ಬಬಲೇಶ್ವರ ಏತ ನೀರಾವರಿ’ ಎಂಬ ಜೋಡಿಯಲ್ಲಿ. ಕೃಷ್ಣೆಯ ನೀರನ್ನು ಪಂಪು ಹಚ್ಚಿ ಮೇಲೆತ್ತಿ ವಿಜಯಪುರ ಜಿಲ್ಲೆಯ ಒಣ ಹೊಲಗಳತ್ತ ಹರಿಸುವ ಯೋಜನೆ ಅದು. ಸಮುದ್ರಮಟ್ಟದಿಂದ ಐನೂರು ಮೀಟರಿನ ಆಸುಪಾಸಿನಲ್ಲಿರುವ ಈ ಎರೆನೆಲದಲ್ಲಿ ಕಬ್ಬು ತಲೆಮೀರಿ ಬೆಳೆದು ನಿಂತರೆ ಕಣ್ಣಿಗೆ ಅದೇ ಗಡಿ. ಮನುಷ್ಯ ಮೇಲೆ ಹತ್ತಬೇಕಾದ ಪ್ರಸಂಗ ಬರುವುದು ಬಣವೆ ಒಟ್ಟುವಾಗ, ಇಲ್ಲವೇ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವಾಗ.

ನಡಿಗೆಯ ವಿಷಯ ಬೇರೆ. ಅದರಲ್ಲಿ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಯುಗಾದಿ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಕಡೆಯ ಊರುಗಳಿಂದ ಭಕ್ತರು ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಗಳು ಹೊರಡುತ್ತವೆ. ಕಂಬಿಯ ಹಿಂದೆ ಜನ. ಗುರಿ ನಾನೂರು ಕಿಲೋಮೀಟರಿಗೂ ಆಚೆಯ ಶ್ರೀಶೈಲ. ಬಿಸಿಲು ನೆತ್ತಿ ಸುಡುವ ಕಾಲ; ಆದ್ದರಿಂದ ನಸುಕಿನಲ್ಲಿ, ಸಂಜೆಯಲ್ಲಿ ನಡಿಗೆ, ಮಧ್ಯಾಹ್ನ ಮರದಡಿ ಮಲಗಿಕೆ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ದಾರಿಯ ಊರಿನವರು ಹಾಕಿದ ಪೆಂಡಾಲಿನಲ್ಲಿ ದಾಸೋಹ. ಮಜ್ಜಿಗೆ ಕೊಡುವವರು ಕೆಲವರು, ಬೊಕ್ಕೆ ಎದ್ದ ಪಾದಕ್ಕೆ ಎಣ್ಣೆ ಹಚ್ಚುವವರು ಕೆಲವರು. ಕೆಲವು ಹರಕೆಯವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಕೊನೆಗೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಎಂದು ನಲ್ಲಮಲ ಕಾಡನ್ನು ಏರಿಳಿದು ಕೈಲಾಸದ್ವಾರ ಹತ್ತಿದರೆ ಶ್ರೀಶೈಲ. ಇದನ್ನು ಈ ಜನ ‘ಟ್ರೆಕ್ಕಿಂಗ್’ ಎಂದು ಕರೆದಿಲ್ಲ, ಅದಕ್ಕಾಗಿ ಬೂಟು ಕೊಂಡಿಲ್ಲ.

ಇಂಥ ಕಾಲುಗಳನ್ನು ಹಿಮಾಲಯದ ಹಳ್ಳಿಗಳ ದಾರಿಗೆ ಹಚ್ಚಿದರೆ ಏನಾದೀತು?

ಮೊದಲು ಕೇದಾರದ ಕಡೆ. ಅಲ್ಲಿ ಕನ್ನಡಿಗ ತೀರ ಪರಕೀಯನಲ್ಲ. ವೀರಶೈವರ ಪಂಚಪೀಠಗಳಲ್ಲಿ ಶ್ರೀಶೈಲ ಒಂದಾದರೆ ಕೇದಾರ ಮತ್ತೊಂದು, ಎರಡೂ ಜ್ಯೋತಿರ್ಲಿಂಗಗಳು. 3,583 ಮೀಟರ್ ಎತ್ತರದ ಕೇದಾರನಾಥದ ಧರ್ಮಪ್ರಮುಖರಾದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರು. ಗುಡಿಯ ಪೂಜೆಯನ್ನು ರಾವಲರು ಸ್ವತಃ ಮಾಡುವುದಿಲ್ಲ. ಅವರ ಕೈಕೆಳಗಿನ ಅರ್ಚಕರು ಮಾಡುತ್ತಾರೆ. ದೀಪಾವಳಿ ಮುಗಿದು ಹಿಮ ಬೀಳುವ ಹೊತ್ತಿಗೆ ದೇವರ ಉತ್ಸವಮೂರ್ತಿ ಡೋಲಿಯಲ್ಲಿ ಕೆಳಗಿನ ಊಖಿಮಠಕ್ಕೆ ಇಳಿದು ಬರುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇರುತ್ತದೆ. ಊಖಿಮಠದ ಕಡೆಯಿಂದ ರಾಂಸಿ, ಗೌಂಡಾರ್ ಹಳ್ಳಿಗಳನ್ನು ದಾಟಿ ಹತ್ತಿದರೆ ಸಿಗುವ ಮಧ್ಯಮಹೇಶ್ವರದಲ್ಲೂ ಪೂಜೆಯ ಹೊಣೆ ಕರ್ನಾಟಕ ಮೂಲದ ಜಂಗಮ ಅರ್ಚಕರದು. ಕೃಷ್ಣಾ ದಂಡೆಯವನು ಅಲ್ಲಿಗೆ ಹೋದರೆ ‘ಯಾವೂರ ನಿಮ್ಮದು?’ ಎಂಬ ಮಾತು ಕಿವಿಗೆ ಬೀಳುವ ಸಂಭವ ಇದ್ದೇ ಇದೆ.

ಆದರೆ ಯಾತ್ರೆಯ ದಾರಿ ಹಳ್ಳಿಯನ್ನು ಪೂರ್ತಿ ತೋರಿಸುವುದಿಲ್ಲ. ಅಲ್ಲಿ ಕುದುರೆ, ಹೆಲಿಕಾಪ್ಟರ್, ಪ್ರಸಾದದ ಅಂಗಡಿಗಳ ಗದ್ದಲ. ಹಳ್ಳಿ ನೋಡಬೇಕೆಂದರೆ ಉತ್ತರಕಾಶಿ ಜಿಲ್ಲೆಯ ಹರ್ ಕಿ ದೂನ್ ಕಣಿವೆ ಸರಿ. ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿ, ನೇಟ್‌ವಾಡ್ ದಾಟಿ ಸುಮಾರು ಇನ್ನೂರು ಕಿಲೋಮೀಟರ್ ಹೋದರೆ ಸಾಂಕ್ರಿ. ಬಸ್ಸಿನಲ್ಲಿ ಪೂರಾ ಒಂದು ಹಗಲಿನ ದಾರಿ. ನೇಟ್‌ವಾಡ್‌ನಲ್ಲಿ ರೂಪಿನ್, ಸೂಪಿನ್ ಎಂಬ ಎರಡು ಹೊಳೆ ಕೂಡಿ ಟೋನ್ಸ್ ನದಿಯಾಗುತ್ತದೆ. ಹಳಬರ ಬಾಯಲ್ಲಿ ಅದು ತಮಸಾ. ಸಾಂಕ್ರಿಯಿಂದ ತಾಲುಕಾದವರೆಗೆ ಜೀಪು ಕುಲುಕಾಡಿಕೊಂಡು ಹೋಗುತ್ತದೆ. ಅಲ್ಲಿಂದ ಹೊಳೆಯ ದಂಡೆಗುಂಟ ಗಂಗಾಡ್, ಓಸ್ಲಾ ಹಳ್ಳಿಗಳು. ಮೇಲೆ 3,566 ಮೀಟರಿನಲ್ಲಿ ಹರ್ ಕಿ ದೂನ್ ಹುಲ್ಲುಗಾವಲು. ಅದರ ಬೆನ್ನಿಗೆ 6,252 ಮೀಟರಿನ ಸ್ವರ್ಗಾರೋಹಿಣಿ ಶಿಖರ. ಪಾಂಡವರು ಸ್ವರ್ಗಕ್ಕೆ ಹೊರಟದ್ದು ಈ ದಾರಿಯಲ್ಲೇ ಎನ್ನುತ್ತಾರೆ ಅಲ್ಲಿಯವರು.

ಬೆಂಗಳೂರಿನ ಚಾರಣಿಗ ಇಲ್ಲಿ ಶಿಖರ ನೋಡುತ್ತಾನೆ. ತುಬಚಿ ಕಡೆಯ ಒಕ್ಕಲಿಗ ಬಂದರೆ ಮೊದಲು ನೋಡುವುದು ಕೊಟ್ಟಿಗೆ.

ಗಂಗಾಡ್, ಓಸ್ಲಾಗಳ ಹಳೆಯ ಮನೆಗಳು ದೇವದಾರು ತೊಲೆ ಒಂದು ಸಾಲು, ಕಲ್ಲು ಒಂದು ಸಾಲು ಎಂದು ಏರಿಸಿ ಕಟ್ಟಿದವು. ಸುಣ್ಣವಿಲ್ಲ, ಸಿಮೆಂಟಿಲ್ಲ, ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ ಕೆಲಸ. ಭೂಮಿ ನಡುಗಿದಾಗ ಗೋಡೆ ಒಡೆಯದೆ ಒಟ್ಟಾಗಿ ಓಲಾಡಲಿ ಎಂಬ ಲೆಕ್ಕ ಅದರಲ್ಲಿದೆ. 1991ರ ಅಕ್ಟೋಬರಿನಲ್ಲಿ ಉತ್ತರಕಾಶಿ ಭೂಕಂಪವಾದ ಮೇಲೆ ಎಂಜಿನಿಯರುಗಳು ಈ ಬಗೆಯ ಮನೆಗಳನ್ನು ಹೊಸ ಕಣ್ಣಿನಿಂದ ನೋಡಿದರು. ಮನೆಯ ಕೆಳ ಅಂತಸ್ತು ದನ, ಕುರಿಗಳಿಗೆ, ಮೇಲಿನದು ಮನುಷ್ಯರಿಗೆ. ಚಳಿಗಾಲದಲ್ಲಿ ದನದ ಮೈಕಾವು ಹಲಗೆ ದಾಟಿ ಮೇಲೆ ಬರುತ್ತದೆ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲೂ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ, ಆಮೇಲೆ ಕಟ್ಟೆ ಹತ್ತಿದರೆ ಪಡಸಾಲೆ. ಇಲ್ಲಿ ಅದು ಕಾವಲಿಗೆ, ಅಲ್ಲಿ ಕಾವಿಗೆ. ಕಾಳಿನ ವಿಷಯದಲ್ಲಿ ಮಾತ್ರ ಎರಡು ಊರು ಎದುರುಬದುರು. ಬಯಲುಸೀಮೆಯವರು ಜೋಳವನ್ನು ಹಗೇವು ತೋಡಿ ನೆಲದೊಳಗೆ ಇಳಿಸಿದರು. ಬೆಟ್ಟದವರು ಮರದ ಕಣಜ ಕಟ್ಟಿ ನೆಲದಿಂದ ಮೇಲೆತ್ತಿದರು. ಅಲ್ಲಿ ಕಣಜ ಮನೆಗೆ ಅಂಟಿಕೊಂಡಿರುವುದಿಲ್ಲ, ಬೇರೆಯೇ ನಿಲ್ಲುತ್ತದೆ: ಮರದ ಮನೆಗೆ ಬೆಂಕಿ ಬಿದ್ದರೂ ಕಾಳು ಉಳಿಯಬೇಕು.

ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಓಸ್ಲಾದ ಇಳಿಜಾರು ಹೊಲಗಳು ಕಡುಕೆಂಪಾಗುತ್ತವೆ. ಫೋಟೊ ಹಿಡಿಯುವವರಿಗೆ ಅದು ಹೂವಿನ ತೋಟ. ಜಮಖಂಡಿಯವನು ತೆನೆ ಮುಟ್ಟಿ ನೋಡಿ, ಕಾಳು ಉಜ್ಜಿ ಬಾಯಿಗೆ ಹಾಕಿಕೊಂಡು, ‘ಏ, ಇದು ರಾಜಗಿರಿ’ ಎಂದುಬಿಡುತ್ತಾನೆ. ನಮ್ಮಲ್ಲಿ ಸೊಪ್ಪು ಪಲ್ಯಕ್ಕೆ, ಕಾಳು ಏಕಾದಶಿಯ ಉಂಡೆಗೆ. ಅಲ್ಲಿ ಅದಕ್ಕೆ ಚೌಲಾಯಿ, ರಾಮದಾನ ಎಂಬ ಹೆಸರು. ರಾಜ್ಮಾ, ಆಲೂಗಡ್ಡೆಯ ಜೊತೆಗೆ ಅದೂ ರೊಕ್ಕ ತರುವ ಬೆಳೆ. ಅಲ್ಲಿ ಇನ್ನೊಂದು ಕಾಳಿದೆ, ಮಡುವಾ. ಅದು ನಮ್ಮ ರಾಗಿ. ಮೈಸೂರು ಕಡೆಯವರ ಮುದ್ದೆಯನ್ನು ಕಂಡು ಜೀವಮಾನವೆಲ್ಲ ನಕ್ಕ ಜೋಳದ ರೊಟ್ಟಿಯವನಿಗೆ ಹಿಮಾಲಯದ ಒಲೆಯ ಮುಂದೆ ರಾಗಿ ರೊಟ್ಟಿ ಸಿಗುತ್ತದೆ. ಹಸಿವಾದವನು ತಕರಾರು ಮಾಡುವುದಿಲ್ಲ.

ದಾರಿಯಲ್ಲಿ ಎದುರಾಗುವ ಗಂಡಸರ ಕೈಯಲ್ಲಿ ತಕಲಿ. ನಡೆಯುತ್ತ, ಮಾತಾಡುತ್ತ, ಬೀಡಿ ಸೇದುತ್ತ ಉಣ್ಣೆ ನೂಲುತ್ತಾರೆ. ಕುರಿಗಳು ಬೇಸಿಗೆಗೆ ಮೇಲಿನ ಹುಲ್ಲುಗಾವಲು ಸೇರಿ ಹಿಮಕ್ಕೆ ಮುಂಚೆ ಇಳಿಯುತ್ತವೆ. ಕೃಷ್ಣಾ–ಘಟಪ್ರಭಾ ಸೀಮೆಯ ಹಾಲುಮತದ ಕುರಿಗಾರನಿಗೂ ವರ್ಷವೆಂದರೆ ಇಂಥದೇ ಒಂದು ಸುತ್ತು; ಅವನು ಎತ್ತರ ನೋಡಿ ಹೋಗುವುದಿಲ್ಲ, ಮಳೆ ನೋಡಿ ಹೋಗುತ್ತಾನೆ. ಬನಹಟ್ಟಿಯ ನೇಕಾರನ ಕಣ್ಣು ಬೇರೆಡೆ ಬೀಳುತ್ತದೆ: ಅಷ್ಟು ಸಣ್ಣ ಮಗ್ಗದಲ್ಲಿ ಅಷ್ಟು ದಪ್ಪ ಬಟ್ಟೆ! ಮುಧೋಳದವನದು ನಾಯಿಯ ಮೇಲೆ. ಅಲ್ಲಿಯ ಅರಸ ಮಾಲೋಜಿರಾವ್ ಘೋರ್ಪಡೆಯವರಿಂದ ಲಂಡನ್ನಿನ ಅರಮನೆಯವರೆಗೆ ಹೋಗಿ ಹೆಸರು ಮಾಡಿದ, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್ತಿಗೂ ಹೋದ ಮುಧೋಳ ನಾಯಿ ಸಣ್ಣ ನಡುವಿನದು, ಬಯಲಲ್ಲಿ ಮೊಲ ಅಟ್ಟುವುದಕ್ಕೆ ಹೇಳಿ ಮಾಡಿಸಿದ ಮೈ. ಬೆಟ್ಟದ ಕುರಿನಾಯಿಗೆ ಓಟದ ಹಂಗಿಲ್ಲ. ದಟ್ಟ ಕೂದಲು, ಅಗಲ ಎದೆ, ಕೊರಳಲ್ಲಿ ಮುಳ್ಳಿನ ಕಬ್ಬಿಣದ ಪಟ್ಟಿ. ಚಿರತೆ ಮೊದಲು ಬಾಯಿ ಹಾಕುವುದು ಕೊರಳಿಗೆ, ಅದಕ್ಕೆ ಪಟ್ಟಿ.

ಮುಧೋಳದವನಿಗೆ ಈ ಕಣಿವೆಯಲ್ಲಿ ಅದಕ್ಕಿಂತ ದೊಡ್ಡದೊಂದು ಕಾದಿದೆ.

ಟೋನ್ಸ್ ನದಿಯ ಮೇಲ್ಭಾಗದ ಹಳ್ಳಿಗಳ ದೇವರನ್ನು ಕುರಿತು ಬಹುಕಾಲದಿಂದ ಒಂದು ಮಾತಿದೆ: ಅಲ್ಲಿ ದುರ್ಯೋಧನನಿಗೆ ಪೂಜೆ ನಡೆಯುತ್ತಿತ್ತು ಎಂದು. ಈ ಗಢವಾಲ ಸೀಮೆಯ ಪಾಂಡವಲೀಲೆ ಎಂಬ ಕುಣಿತದಾಟವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ವಿಲಿಯಂ ಸ್ಯಾಕ್ಸ್ ಅವರು ಈ ಭಾಗದ ಕೌರವ ದೇವರುಗಳ ಬಗ್ಗೆಯೂ ಬರೆದಿದ್ದಾರೆ. ನೇಟ್‌ವಾಡ್ ಹತ್ತಿರದ ದೇವ್ರಾ ಹಳ್ಳಿಯಲ್ಲಿ ಕರ್ಣನ ಗುಡಿ ಈಗಲೂ ಇದೆ. ಓಸ್ಲಾ, ಜಖೋಲ್‌ಗಳಲ್ಲಿ ಇಂದು ಕೇಳಿದರೆ ಬರುವ ಉತ್ತರ ‘ಸೋಮೇಶ್ವರ’, ಅಂದರೆ ಶಿವ. ದುರ್ಯೋಧನನ ಪೂಜೆ ಹೊರಗಿನವರು ಕಟ್ಟಿದ ಕತೆ ಎಂದು ಸಿಟ್ಟಾಗುವವರೂ ಉಂಟು. ಆದರೂ ದುರ್ಯೋಧನ ಸತ್ತಾಗ ಜನ ಅತ್ತ ಕಣ್ಣೀರೇ ತಮಸೆಯಾಗಿ ಹರಿಯಿತು ಎಂಬ ಕತೆ ಆ ಕಣಿವೆಯನ್ನು ಬಿಟ್ಟಿಲ್ಲ.

ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಸ್ಥಾನದಲ್ಲಿ ಕೂತು ‘ಗದಾಯುದ್ಧ’ ಬರೆದ. ಕಾವ್ಯದ ನಾಯಕ ಭೀಮನೇ. ಆಶ್ರಯದಾತ ಸತ್ಯಾಶ್ರಯನಿಗೆ ಹೋಲಿಸಿದ್ದೂ ಅವನನ್ನೇ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ಇನ್ನೊಬ್ಬ: ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆದು ಹೋಗುವ, ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುವ, ಕರ್ಣನನ್ನು ಕಂಡು ಎದೆಯೊಡೆದು ಅಳುವ, ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗುವ ದುರ್ಯೋಧನ. ಬಿ.ಎಂ.ಶ್ರೀ. ಇದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಟ್ಟಿದರು. ಸೋತ ಅರಸನಿಗೆ ಕಣ್ಣೀರು ಹಾಕಿದ ಊರುಗಳು ಭರತಖಂಡದಲ್ಲಿ ಬಹಳ ಇಲ್ಲ. ಒಂದು ಘಟಪ್ರಭೆಯ ದಂಡೆಯಲ್ಲಿ, ಒಂದು ತಮಸೆಯ ದಂಡೆಯಲ್ಲಿ. ನಡುವೆ ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ಇಷ್ಟೆಲ್ಲ ಪರಿಚಯ ಸಿಕ್ಕಿತೆಂದು ಕಾಲು ಮೈಮರೆತರೆ ಕೆಟ್ಟಿತು. ಶ್ರೀಶೈಲದ ದಾರಿ ಬಿಸಿಲನ್ನು ಕಲಿಸುತ್ತದೆ, ಬಾಯಾರಿಕೆಯನ್ನು ಕಲಿಸುತ್ತದೆ, ತೆಳುಗಾಳಿಯನ್ನು ಕಲಿಸುವುದಿಲ್ಲ. 3,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ದಿನಕ್ಕೆ ನಲವತ್ತು ಕಿಲೋಮೀಟರ್ ನಡೆದವನಿಗೂ ಅಲ್ಲಿ ತಲೆನೋವು, ಓಕರಿಕೆ ಬರಬಹುದು. ಮೈಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೇ 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎನ್ನುತ್ತಾರೆ ವೈದ್ಯರು. ಹವೆಯದು ಇನ್ನೊಂದು ಆಟ. 2024ರ ಜೂನ್ ಮೊದಲ ವಾರ, ಇಲ್ಲಿ ರೈತರು ಮುಂಗಾರಿಗೆ ಮೋಡ ನೋಡುತ್ತಿದ್ದಾಗ, ಇದೇ ಉತ್ತರಕಾಶಿ ಸೀಮೆಯ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದ ಚಾರಣಿಗರಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. 13 ಮಂದಿಯನ್ನು ರಕ್ಷಿಸಲಾಯಿತು, 9 ಮಂದಿ ಮರಳಲಿಲ್ಲ. ಅನುಭವ ಇಲ್ಲದವರ ತಂಡವೇನೂ ಅದಾಗಿರಲಿಲ್ಲ.

ಓಸ್ಲಾದಂಥ ತುಂಬಿದ ಊರುಗಳ ಜೊತೆಗೆ ಖಾಲಿ ಊರುಗಳೂ ಉತ್ತರಾಖಂಡದಲ್ಲಿ ಬಹಳ. 2011ರ ಜನಗಣತಿಯ ನಂತರದ ಏಳೇ ವರ್ಷಗಳಲ್ಲಿ 734 ಹಳ್ಳಿಗಳು ಜನರಿಲ್ಲದಂತಾದವು ಎಂದು ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ಲೆಕ್ಕ ಕೊಟ್ಟಿತು. ದುಡಿಮೆ ಇಲ್ಲ, ಶಾಲೆ ದೂರ, ದವಾಖಾನೆ ಇನ್ನೂ ದೂರ. ಬೀಳಗಿ, ಬಾಗಲಕೋಟೆಯ ಮುಳುಗಡೆಯವರಿಗೆ ಊರು ಬಿಡುವುದನ್ನು ವಿವರಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಅವರನ್ನು ಎಬ್ಬಿಸಿತು. ಗಢವಾಲದಲ್ಲಿ 260.5 ಮೀಟರಿನ ಟಿಹರಿ ಅಣೆಕಟ್ಟು ತುಂಬಿ ಹಳೆಯ ಟಿಹರಿ ಪಟ್ಟಣ ಮುಳುಗಿತು, ಜನ ಗುಡ್ಡದ ಮೇಲಿನ ಹೊಸ ಟಿಹರಿ ಸೇರಿದರು. ಓಸ್ಲಾದಂಥ ಊರುಗಳು ಇನ್ನೂ ತುಂಬಿರುವುದಕ್ಕೆ ಕುರಿ, ಕಾಳಿನ ಜೊತೆಗೆ ಚಾರಣಿಗರು ಬಿಟ್ಟುಹೋಗುವ ದುಡ್ಡೂ ಒಂದು ಕಾರಣ: ಮನೆಯಲ್ಲಿ ಇಳಿಸಿಕೊಳ್ಳುವುದು, ಹೇಸರಗತ್ತೆಯ ಬಾಡಿಗೆ, ದಾರಿ ತೋರಿಸುವ ಹುಡುಗರ ಕೂಲಿ.

ಆದ್ದರಿಂದಲೇ ರಸ್ತೆಯ ಜಗಳ. ಮೋಟಾರು ದಾರಿ ಒಂದೊಂದು ಹಳ್ಳಿ ಮುಂದಕ್ಕೆ ಬಂದಂತೆಲ್ಲ ಚಾರಣದ ದಾರಿ ಅಷ್ಟಷ್ಟು ಮೊಟಕಾಗುತ್ತದೆ. ಚೆಲುವು ಕೆಟ್ಟಿತು ಎಂದು ಪಟ್ಟಣದ ಚಾರಣಿಗ ಮರುಗುತ್ತಾನೆ. ದಿನ ತುಂಬಿದ ಬಸುರಿಯನ್ನು ಡೋಲಿಯಲ್ಲಿ ಹೊತ್ತು ಇಳಿಸಬೇಕಾದ ಊರಿನವರಿಗೆ ಆ ಮರುಕ ಅರ್ಥವಾಗುವುದಿಲ್ಲ. ಕೃಷ್ಣೆ ಉಕ್ಕಿ ದಾರಿ ಕಟ್ಟಿದಾಗ ದೋಣಿ ಕಾಯುತ್ತ ದಂಡೆಯಲ್ಲಿ ಕೂತ ತುಬಚಿ ಕಡೆಯವನು ಈ ವಾದದಲ್ಲಿ ನಿಲ್ಲುವುದು ಓಸ್ಲಾದವರ ಮಗ್ಗುಲಿಗೇ. ಶಿಖರದ ಹೆಸರು ಅವನಿಗೆ ನಾಳೆ ಮರೆತೀತು. ಒಲೆಯ ಮುಂದೆ ಕೂತು ಹರಕುಮುರುಕು ಹಿಂದಿಯಲ್ಲಿ ಅವನು ಕೇಳುವುದು ಬೇರೆ: ರಾಜಗಿರಿ ಕ್ವಿಂಟಲಿಗೆ ಏನು ಬೆಲೆ, ಹೇಸರಗತ್ತೆಯ ಬಾಡಿಗೆ ಕಳೆದರೆ ಕೈಗೆ ಉಳಿಯುವುದು ಎಷ್ಟು, ವ್ಯಾಪಾರಿ ರೊಕ್ಕ ಯಾವಾಗ ಕೊಡುತ್ತಾನೆ. ಕೊನೆಯ ಪ್ರಶ್ನೆಗೆ ಮನೆಯವನು ನಕ್ಕು ಸುಮ್ಮನಾದರೆ ಇವನಿಗೆ ಹುರುಪು ಬರುತ್ತದೆ. ಸಕ್ಕರೆ ಕಾರ್ಖಾನೆ, ಕಬ್ಬಿನ ಬಾಕಿ ಬಿಲ್ಲು, ಟನ್ನಿನ ದರ ಎಂದು ಶುರುಮಾಡಿದನೆಂದರೆ ಆ ರಾತ್ರಿ ಒಲೆಗೆ ಇನ್ನೆರಡು ಕೊರಡು ಹಾಕಲೇಬೇಕು.